ಗೆದ್ದು ಬಂದವನಿಗೆ ಸಮಾಧಾನ

ಶಹಾಬಾದಿನ ಸಮಸ್ತ ಸಭಿಕರೇ, ವಾಡಿಯ ಮಾನ್ಯ ಎದುರಾಳಿಗಳೇ, ಚಿತ್ತವಿಟ್ಟು ಕೇಳಬೇಕು. ಇಷ್ಟು ವರ್ಷ ಬಿದ್ದವರು ಇಂದು ಎದ್ದೆವು, ಚಿತ್ತಾಪುರ ತಾಲ್ಲೂಕಿನ ವಾಲಿಬಾಲ್ ಕಪ್ ಗೆದ್ದೆವು!

ಮೊದಲು ಹೆಂಡತಿಗೆ ಹೇಳಬೇಕೆಂದು ಮನೆಗೆ ಓಡಿದೆ. ಹೋದ ವಾರ ಜಗಳವಾದಾಗಿನಿಂದ ಅವಳು ನನ್ನ ಕೂಡ ಮಾತು ಬಿಟ್ಟಿದ್ದಳು. ಹೊಸ್ತಿಲು ದಾಟುವಷ್ಟರಲ್ಲಿ ಗೆದ್ದ ಖುಷಿಗೆ ನನ್ನ ಕಣ್ಣು ತುಂಬಿತು. ಅವಳು ನೋಡಿದಳು. ಸೀಮೆಎಣ್ಣೆ ಸ್ಟೌ ಆರಿಸಿ ಎದ್ದು ಬಂದಳು.

"ಈ ಸಲಾನೂ ಸೋತ್ರೇನು? ಇರ್ಲಿ ಬಿಡ್ರಿ. ಕುಂದ್ರಿ, ಮಾಲ್ದಿ ಮಾಡ್ತೀನಿ" ಎಂದು ಹೆಗಲ ಮೇಲೆ ಕೈಯಿಟ್ಟಳು.

ನಾವು ಸೋತಾಗಲೆಲ್ಲ ಅವಳು ಚಪಾತಿ ಪುಡಿಮಾಡಿ ಬೆಲ್ಲ ಹಾಕಿ ಮಾಲ್ದಿ ಮಾಡುತ್ತಾಳೆ. ಗೆದ್ದರೆ ಏನು ಮಾಡಬೇಕೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನಾನು ತಲೆ ತಗ್ಗಿಸಿ ಕೂತೆ. ಅಷ್ಟರಲ್ಲಿ ಆಟಗಾರರು ಹಲಗಿ ಬಾರಿಸುತ್ತ, ಕಪ್ ಹೊತ್ತು ನಮ್ಮ ಓಣಿಗೇ ಬಂದರು.

"ಗೆದ್ದೀರೇನ್ರಿ? ಮತ್ತ ಹೇಳ್ಲಿಕ್ಕ ಏನ್ ಧಾಡಿ ಆಗಿತ್ತು?" ಎಂದಳು ಹೆಂಡತಿ.

"ದನಿ ಬಿದ್ದದ. ಭಾಳ ಒದರೀನಿ" ಎಂದೆ.

ಮಿತ್ರರೇ, ದನಿ ಗಟ್ಟಿಯಾಗೇ ಇತ್ತು. ಹೇಳಿದರೆ ಅವಳು ಕೈ ತೆಗೆದಾಳೆಂದು ಹೆದರಿ ಸುಮ್ಮನಿದ್ದೆ.