ರಕ್ತ ತೆಳು ಮಾಡುವ ಗುಳಿಗೆ ಮತ್ತು ನಮ್ಮಣ್ಣನ ವೈದ್ಯಕೀಯ

ಔರಾದಿನ ಸರಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಹೃದಯದ ನಾಲ್ಕು ಕೋಣೆಗಳನ್ನು ಬಿಡಿಸಿ ತೋರಿಸಿದವಳು ನಾನು. ನಿವೃತ್ತಳಾಗಿ ಬೀದರಿನ ಚಿದ್ರಿಯಲ್ಲಿ ಮನೆ ಮಾಡಿದ ಮೇಲೆ ನನ್ನದೇ ಹೃದಯ ತಾಳ ತಪ್ಪಿತು.

ಡಾಕ್ಟರು ಚಿಕ್ಕ ವಯಸ್ಸಿನವಳು. ಇಸಿಜಿ ನೋಡಿ ಹೇಳಿದಳು: "ಟೀಚರ್, ಹಿಂಗ ಬಡಕೊಂಡ್ರ ಹೃದಯದಾಗ ರಕ್ತ ಹೆಪ್ಪುಗಟ್ಟತದ್ರಿ. ಅದು ಮಿದುಳಿಗೆ ಹೋದ್ರ ಲಕ್ವಾ. ಈ ಗುಳಿಗಿ ಅದನ್ನ ಬಹಳ ಮಟ್ಟಿಗೆ ತಪ್ಪಸ್ತದ. ಆದ್ರ ರಕ್ತ ಸೋರೋದು ಜಾಸ್ತಿ ಆಗಬಹುದು. ಹಂಗೇನರೆ ಆದ್ರ ನನಗ ಹೇಳ್ರಿ, ನೀವಾಗೇ ಬಿಡಬ್ಯಾಡ್ರಿ. ನೋವಿನ ಗುಳಿಗಿ ಕೇಳದೆ ತಗೋಬ್ಯಾಡ್ರಿ."

ಎಲ್ಲದಕ್ಕೂ ತಲೆಯಾಡಿಸಿದೆ. ಹಾಗೆ ತಲೆಯಾಡಿಸುವ ಮಕ್ಕಳಿಗೆ ಏನೂ ತಲೆಗೆ ಹೋಗಿರುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಾರು!

ತಿಂಗಳ ನಂತರ ಭಾಲ್ಕಿಯಲ್ಲಿ ಸಂಬಂಧಿಕರ ಮದುವೆ. ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಕೆಂಪಾಗಿತ್ತು. ನಮ್ಮಣ್ಣ ನೋಡಿದ. ಅವನು ಗಾಂಧಿ ಗಂಜ್ ಮಾರುಕಟ್ಟೆಯ ಬೇಳೆ ವ್ಯಾಪಾರಿ. ತೊಗರಿಯನ್ನು ಮುಷ್ಟಿಯಲ್ಲಿ ಹಿಡಿದೇ ತೇವ ಹೇಳುತ್ತಾನೆ. ಲೋಕದ ಉಳಿದ ಶಾಸ್ತ್ರಗಳೂ ಅದೇ ಮುಷ್ಟಿಯಲ್ಲಿವೆ ಎಂದು ಅವನ ನಂಬಿಕೆ. ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರೆದುರು ಶುರು ಮಾಡಿದ:

"ರಕ್ತ ತೆಳ್ಳಗ ಮಾಡ್ತಾರಂತ! ಹಾಲಿನವ ನೀರ ಹಾಕಿದ್ರ ಬೈತೀರಿ, ಡಾಕ್ಟರ್ ಹಾಕಿದ್ರ ಕೈ ಮುಗಿತೀರಿ. ಬಿಡು ಅದನ್ನ!"

ಊಟದ ಪಂಕ್ತಿಯೇ ನಕ್ಕಿತು. ವಿಜ್ಞಾನದ ಶಿಕ್ಷಕಿಯೂ ನಕ್ಕಳು. ಅಂದೇ ಗುಳಿಗೆ ಬಿಟ್ಟೆ. ಮೊಣಕಾಲಿಗೆಂದು ಕದ್ದು ನುಂಗುತ್ತಿದ್ದ ನೋವಿನ ಗುಳಿಗೆ ಮಾತ್ರ ಮುಂದುವರಿಯಿತು. ಅದರ ಬಗ್ಗೆ ಅಣ್ಣ ಇನ್ನೂ ಅಪ್ಪಣೆ ಹೊರಡಿಸಿರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಪಕ್ಕದ ಮನೆಯಾಕೆ, ನಾವೆಲ್ಲ ಖಾಲಾ ಎನ್ನುವವರು, ಕರಿಬೇವು ಕೊಡಲು ಬಂದರು. "ಕೂಡ್ರಿ" ಎನ್ನಲು ಹೋದೆ. ಬಾಯಿಂದ ಹೊರಟದ್ದು ಯಾವ ಭಾಷೆಯೂ ಅಲ್ಲ. ಬಲಗೈಯಿಂದ ಚಹಾದ ಕಪ್ಪು ಜಾರಿ ಬಿತ್ತು.

"ಯಾ ಅಲ್ಲಾ! ಟೀಚರ್, ಬಾಯಿ ಸೊಟ್ಟ ಆಗ್ಯಾದ. ನಡೀರಿ!"

ಚಪ್ಪಲಿ ಹಾಕಲೂ ಬಿಡದೆ, ನನ್ನ ಚೀಲ ತಾವೇ ಹೆಗಲಿಗೇರಿಸಿಕೊಂಡು, ಆಟೋದಲ್ಲಿ ತುಂಬಿದರು. ಆಸ್ಪತ್ರೆ ಬರುವಷ್ಟರಲ್ಲಿ ಮಾತು ಮರಳಿತ್ತು, ಕೈ ಏಳುತ್ತಿತ್ತು. ಆದರೂ ಸ್ಕ್ಯಾನ್ ಮಾಡಿಸಿದರು. ರಕ್ತಸ್ರಾವವಿರಲಿಲ್ಲ.

"ಇದು ಮುನ್ಸೂಚನಿ ಅದರಿ, ಮತ್ತ ಬರಬಹುದು. ಗುಳಿಗಿ ಯಾಕ ಬಿಟ್ರಿ?" ಡಾಕ್ಟರು ಕೇಳಿದಳು.

"ಒಸಡಿನಾಗ ರಕ್ತ ಬಂತು, ನಮ್ಮಣ್ಣ ಬಿಡು ಅಂದನ್ರಿ."

"ಅವರೂ ಡಾಕ್ಟರೇನ್ರಿ?"

"ಬ್ಯಾಳಿ ವ್ಯಾಪಾರಿ."

ಖಾಲಾ ಸೆರಗಿನಲ್ಲಿ ನಕ್ಕರು. ಡಾಕ್ಟರು ನಗಲಿಲ್ಲ. ನನ್ನ ಚೀಲದಲ್ಲಿದ್ದ ನೋವಿನ ಗುಳಿಗೆಯ ಸ್ಟ್ರಿಪ್ ಎತ್ತಿ ಹಿಡಿದಳು. "ಒಸಡಿನ ರಕ್ತಕ್ಕ ಇದರ ಪಾಲೂ ಇರ್ತದ. ಬಿಡಬೇಕಾದದ್ದು ಇದು, ನೀವು ಬಿಟ್ಟದ್ದು ಅದು."

ನನಗೆ ನಾಚಿಕೆಯಾಯಿತು. ಆದರೂ ಕೇಳಿದೆ: "ಮತ್ತ ಶುರು ಮಾಡಿದ್ರ ಏನೂ ಅಪಾಯ ಇಲ್ಲೇನ್ರಿ?"

"ಅಪಾಯ ಅದರಿ. ಹೊಟ್ಟ್ಯಾಗ, ಒಮ್ಮೊಮ್ಮೆ ಮಿದುಳಿನಾಗೂ ರಕ್ತ ಸೋರಬಹುದು. ಇಲ್ಲಂದ್ರ ಸುಳ್ಳಾಗತದ. ಆದ್ರ ನಿಮಗ ಲಕ್ವಾದ ಭಯ ಅದಕ್ಕಿಂತ ದೊಡ್ಡದು. ಒಸಡಿನ ರಕ್ತ ನಿಲ್ಲಸ್ತೀವಿ. ಹೋದ ಮಾತು ಎಲ್ಲಿಂದ ತರೋಣ್ರಿ?"

ನೋವಿನ ಗುಳಿಗೆ ಬಿಟ್ಟು, ರಕ್ತದ ಗುಳಿಗೆಯನ್ನು ಅವಳು ಹೇಳಿದ ದಿನದಿಂದಲೇ ಮತ್ತೆ ಶುರು ಮಾಡಿದೆ. ಆಸ್ಪತ್ರೆಗೆ ಹೋದ ದಿನದ ಸಂಜೆಯೇ ಅಣ್ಣನ ಫೋನು ಬಂದಿತ್ತು. ನಾಲಿಗೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಅವಕಾಶವಿರಲಿಲ್ಲ. ಉಸಿರು ತೆಗೆದುಕೊಳ್ಳದೆ ಬೈದೆ.

ಎಲ್ಲ ಕೇಳಿ ಅವನು, "ಮಾತಂತೂ ಛಲೋ ಬರಲತ್ತಾವ" ಎಂದ. ಆಮೇಲೆ ಫೋನಿನಲ್ಲೇ ಅತ್ತ.

ಈಗ ಕೈ ಎಲ್ಲಿ ತಾಗಿದರೂ ನೀಲಿ ಕಲೆ ಬೀಳುತ್ತದೆ. ಕಂಡವರೆಲ್ಲ ಸಲಹೆ ಕೊಡುತ್ತಾರೆ. ಬೀದರಿನಲ್ಲಿ ನೀರಿಗೆ ಬರ ಬಂದೀತು, ಸಲಹೆಗೆ ಬಂದದ್ದಿಲ್ಲ. ನಾನು ಉದ್ದ ತೋಳಿನ ರವಿಕೆ ಹೊಲಿಸಿಕೊಂಡಿದ್ದೇನೆ.