ಹಿಂಗಾಲು ಸೋತವುಗಳ ಕೋಣೆ

ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ ಎನ್ನುತ್ತಾರೆ. ಪ್ರತಿಷ್ಠಾನಗಳಿಗೆ ಅನುದಾನದ ಅರ್ಜಿ ಬರೆಯುವುದೆಂದರೆ ಅದೇ, ಮರ್ಯಾದೆಯಿಂದ ಅಳುವ ಕೆಲಸ. ಮಿಜಾರಿನ ಕಾಲೇಜೊಂದರಲ್ಲಿ ಪಾಠ ಮಾಡುವ ನನಗೆ ಅದು ಬರುತ್ತದೆ. ಬಂಟ್ವಾಳದಲ್ಲಿ ಬೀದಿನಾಯಿಗಳ ಆಶ್ರಯ ನಡೆಸುವ ಅಕ್ಕನಿಗೆ ಬರುವುದಿಲ್ಲ. ಅವರು ನಿವೃತ್ತ ಟೀಚರ್, ನನ್ನ ಒಡಹುಟ್ಟಿದವರಲ್ಲ, ಊರಿಗೆಲ್ಲ ಅಕ್ಕ.

ನಮಗೆ ಬೇಕಾಗಿದ್ದದ್ದು ಒಂದು ಕೋಣೆ. ವಾಹನ ಬಡಿದು ಸೊಂಟ ಮುರಿದ ನಾಯಿಗಳು ಹಿಂಗಾಲು ಎಳೆದುಕೊಂಡೇ ಬದುಕುತ್ತವೆ. ಒದ್ದೆ ನೆಲದಲ್ಲಿ ತೊಡೆ ಸವೆದು ಹುಣ್ಣಾಗುತ್ತದೆ, ಹುಣ್ಣಿಗೆ ಹುಳ ಬೀಳುತ್ತದೆ. ಮಳೆಗಾಲದೊಳಗೆ ಎತ್ತರದ ಒಣ ನೆಲ ಸಿಗದಿದ್ದರೆ ಅವು ಉಳಿಯುವುದಿಲ್ಲ ಎಂದು ಬರೆದೆ. ಬೆಂಗಳೂರಿನ ಪ್ರತಿಷ್ಠಾನವೊಂದು, ನೋಡಲು ಜನ ಕಳಿಸುತ್ತೇವೆ ಎಂದಿತು.

ನೆಂಟರು ಬರುತ್ತಾರೆಂದರೆ ನಮ್ಮ ಕಡೆ ಏನು ಮಾಡುತ್ತಾರೋ ಅಕ್ಕ ಅದನ್ನೇ ಮಾಡಿದರು. ಅಂಗಳ ಗುಡಿಸಿ ಗೋಡೆಗೆ ಸುಣ್ಣ ಬಳಿಸಿದರು. ನೀರುದೋಸೆಗೆ ಅಕ್ಕಿ ನೆನೆಹಾಕಿದರು. ಬೆಳಿಗ್ಗೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಹಿಂಗಾಲು ಸೋತ ನಾಯಿಗಳನ್ನೆಲ್ಲ ಗೂಡ್ಸ್ ಆಟೋದಲ್ಲಿ ಬೆಳ್ತಂಗಡಿಗೆ, ತಮ್ಮ ತಂಗಿಯ ಮನೆಯ ಶೆಡ್ಡಿಗೆ ಸಾಗಿಸಿಯೂ ಆಗಿತ್ತು.

“ಎಂಥದು ಅಕ್ಕಾ ಇದು! ಅವರು ಬರುವುದೇ ಅವುಗಳನ್ನು ನೋಡ್ಲಿಕ್ಕೆ,” ಎಂದೆ.

“ಮನೆಗೆ ಬಂದವರಿಗೆ ಹುಣ್ಣು, ಕೀವು ತೋರಿಸುವುದಾ ಮಾರಾಯ್ತಿ? ಮತ್ತೆ ಅವರು ತಿನ್ನುವುದು ಹೇಗೆ? ನೀನು ಎಲ್ಲ ಬರೆದಿದ್ದೀಯಲ್ಲ, ಅಷ್ಟು ಸಾಕು.”

ವಾಪಸು ತರಿಸಲು ಹೊತ್ತಿರಲಿಲ್ಲ, ಕಾರು ಗೇಟಿಗೆ ಬಂದಿತ್ತು. ಬಂದ ಅಧಿಕಾರಿ ಸಭ್ಯರು. ದೋಸೆಯನ್ನು ಹೊಗಳಿ ಹೊಗಳಿ ತಿಂದರು. ಕಾಲು ಸೋತ ನಾಯಿಗಳೆಲ್ಲಿ ಎಂದು ಕೇಳಿದಾಗ, ಬೆಳ್ತಂಗಡಿಯಲ್ಲಿ ಉಂಟು, ಬನ್ನಿ ಹೋಗುವ ಎಂದೆ. ಅವರಿಗೆ ವಿಮಾನದ ಹೊತ್ತಾಗಿತ್ತು.

“ಅಲ್ಲಿ ಆರಾಮ ಉಂಟು ಸರ್ ಅವು. ನೀವು ಇನ್ನೊಂದು ದೋಸೆ ಹಾಕಿಸಿಕೊಳ್ಳಿ,” ಎಂದರು ಅಕ್ಕ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಉತ್ತರವೂ ಅಷ್ಟೇ ಸಭ್ಯವಾಗಿತ್ತು. ಸ್ಥಳ ಅಚ್ಚುಕಟ್ಟಾಗಿದೆ, ಆ ನಾಯಿಗಳಿಗೆ ಬೇರೆ ವ್ಯವಸ್ಥೆ ಈಗಾಗಲೇ ಇರುವುದರಿಂದ ಈ ಸಲ ಹೆಚ್ಚು ಅಗತ್ಯವಿರುವವರಿಗೆ ನೆರವಾಗುತ್ತೇವೆ. ಪ್ರತಿಷ್ಠಾನಕ್ಕೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ತೀರ್ಮಾನ ಆಗಿಹೋಗಿದೆ, ಮುಂದಿನ ವರ್ಷ ಮತ್ತೆ ಹಾಕಿ ಎಂದರು. ಆ ಸಿಟ್ಟನ್ನು ಅಕ್ಕನ ಮೇಲೆ ತೀರಿಸಿಕೊಂಡೆ.

ಬೆಳ್ತಂಗಡಿಗೆ ಹೋದ ನಾಯಿಗಳು ಮರುದಿನವೇ ಅದೇ ಆಟೋದಲ್ಲಿ ವಾಪಸು ಬಂದಿದ್ದವು. ಮಳೆ ಹಿಡಿಯಿತು. ನೇತ್ರಾವತಿ ಅಂಗಳದವರೆಗೆ ಏರಿ ಇಳಿಯಿತು, ನೆಲ ಮಾತ್ರ ಒಣಗಲೇ ಇಲ್ಲ. ಅಕ್ಕ ಗೋಣಿ ಹಾಸಿದರು, ಒದ್ದೆಯಾದಂತೆ ಬದಲಿಸಿದರು, ಕೊನೆಗೆ ತಮ್ಮ ಮಂಚವನ್ನೇ ಬಿಟ್ಟುಕೊಟ್ಟರು. ಒಂದು ಬಿಳಿ ಹೆಣ್ಣುನಾಯಿ ಇತ್ತು. ಅಕ್ಕನ ಧ್ವನಿ ಕೇಳಿದರೆ ಸಾಕು, ಮುಂಗಾಲಿನಲ್ಲೇ ಬಾಗಿಲವರೆಗೆ ತೆವಳಿಕೊಂಡು ಬರುತ್ತಿತ್ತು. ಅದರ ಹುಣ್ಣು ನಂಜಾಯಿತು.

ನಾನು ಹೋದಾಗ ಅದು ಸತ್ತಿತ್ತು. ಅಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಆ ಕೋಣೆಯೊಂದು ಇದ್ದಿದ್ದರೆ ಅದು ಬದುಕುತ್ತಿತ್ತು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

“ಫೋಟೋ ತೆಗೆ. ಅವರಿಗೆ ಕಳಿಸು,” ಎಂದರು ಅಕ್ಕ. “ಉಳಿದವಕ್ಕಾದರೂ ಕೋಣೆ ಆಗಲಿ.”

ಮೊಬೈಲ್ ಎತ್ತಿದೆ.

“ನಿಲ್ಲು,” ಎಂದು ಅವರು ಸೆರಗಿನಿಂದ ಅದರ ಮುಖದ ಮೇಲಿನ ನೊಣ ಓಡಿಸಿದರು. ಆಮೇಲೆ ಅದೇ ಸೆರಗನ್ನು ಎಳೆದು, ಹಿಂಗಾಲಿನ ಹುಣ್ಣು ಯಾರಿಗೂ ಕಾಣದಂತೆ ಹೊದೆಸಿದರು.

“ಈಗ ತೆಗೆ,” ಎಂದರು.