ಶಹಾಬಾದದ ಮನೆ ಮಾರಲಿಲ್ಲ, ಸೇಡಂ ನೌಕರಿ ಬಿಡಲಿಲ್ಲ

ಕೋವಿಡ್ ಇಳಿದ ಮರುವರ್ಷ ನಾನು ಶಹಾಬಾದದಲ್ಲಿ ಒಂದು ಬ್ಯಾಂಕಿಗೆ ಮನೆಗಳ ವ್ಯಾಲ್ಯುಯರ್ ಆಗಿದ್ದೆ. ಪ್ರತಿ ಮನೆಗೂ ಎರಡು ಬೆಲೆ ಬರೆಯುವುದು ನನ್ನ ಕೆಲಸ. ಸಾವಕಾಶವಾಗಿ ಮಾರಿದರೆ ಬರುವುದು ಮಾರುಕಟ್ಟೆ ಬೆಲೆ. ಅವಸರಕ್ಕೆ ಬಿದ್ದು ಮಾರಿದರೆ ಬರುವುದು ಡಿಸ್ಟ್ರೆಸ್ ವ್ಯಾಲ್ಯೂ. ಬೆಲೆಯಲ್ಲಿ ಸಾಲ ಕಳೆದು ಉಳಿಯುವ ಮಾಲೀಕರ ಸ್ವಂತ ಪಾಲಿಗೆ ಇಕ್ವಿಟಿ ಎನ್ನುತ್ತಾರೆ.

ಆಗ ಹತ್ತಿರದ ಸಿಮೆಂಟ್ ಕಾರ್ಖಾನೆಯೊಂದು ಮುಚ್ಚಿತು. ಅದರ ನೌಕರರೇ ತುಂಬಿದ್ದ ಒಂದು ಓಣಿಯಲ್ಲಿ ಹಲವು ಮನೆಗಳು ಒಟ್ಟಿಗೆ ಮಾರಾಟಕ್ಕೆ ಬಂದವು. ಕೊಳ್ಳುವವರು ಕೈಕಟ್ಟಿ ಕಾದರು. ಕೊನೆಗೆ ಅವರು ಕೇಳುವ ಬೆಲೆಗೆ ಕೊಟ್ಟರೆ ಸಾಲವಷ್ಟೇ ತೀರುತ್ತಿತ್ತು, ಮಾಲೀಕರ ಕೈ ಬರಿದು.

ಆ ಓಣಿಯ ನಾಗಮ್ಮ ಕಾರ್ಖಾನೆಯ ಲ್ಯಾಬಿನಲ್ಲಿ ಸಿಮೆಂಟಿನ ಗಟ್ಟಿತನ ಪರೀಕ್ಷಿಸುತ್ತಿದ್ದವರು. ಗಂಡ ತೀರಿದ ಮೇಲೆ ಅದೇ ಬ್ಯಾಂಕಿನಲ್ಲಿ ಸಾಲ ಮಾಡಿ, ತಾವೇ ನಿಂತು ಮನೆ ಕಟ್ಟಿಸಿದ್ದರು. ಸೇಡಂ ಬಳಿಯ ಇನ್ನೊಂದು ಕಾರ್ಖಾನೆ ಅವರಿಗೆ ಮೊದಲಿಗಿಂತ ದೊಡ್ಡ ಹುದ್ದೆ ಕೊಟ್ಟಿತು. ಪಾಳಿ ಕೆಲಸವಾದ್ದರಿಂದ ಅಲ್ಲೇ ಹೋಗಿ ಇರಬೇಕು. ಅಲ್ಲಿ ಬಾಡಿಗೆ, ಇಲ್ಲಿ ಸಾಲದ ಕಂತು ಎರಡೂ ಕಟ್ಟಲು ಆಗದು. ಶಹಾಬಾದದ ಮನೆಯನ್ನು ಬಾಡಿಗೆಗೆ ಕೊಡುತ್ತೇನೆಂದರು. ಸ್ವಂತ ವಾಸಕ್ಕೆ ಪಡೆದ ಸಾಲವಾದ್ದರಿಂದ ಬ್ಯಾಂಕಿನ ಒಪ್ಪಿಗೆ ಬೇಕಿತ್ತು.

ಮ್ಯಾನೇಜರ್ ನನ್ನೆದುರೇ ಹೇಳಿದರು: "ಮನಿ ಮಾರಿ ಸಾಲ ತೀರಸ್ರಿ. ಇಲ್ಲಾ ಆ ನೌಕರಿ ಬಿಟ್ಟು ಇಲ್ಲೇ ಇರ್ರಿ."

ನಾಗಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. "ಮನಿನೂ ಮಾರಂಗಿಲ್ರಿ, ನೌಕರಿನೂ ಬಿಡಂಗಿಲ್ರಿ. ಸಾಲ ಕಟ್ತೀನಂತ ಸಹಿ ಮಾಡೀನಿ, ಶಹಾಬಾದ ಬಿಟ್ಟು ಹೋಗಂಗಿಲ್ಲಂತ ಮಾಡಿಲ್ಲ."

ಅವರು ಹೋದ ಮೇಲೆ ಮ್ಯಾನೇಜರ್ ನನ್ನತ್ತ ತಿರುಗಿದರು. "ಡಿಸ್ಟ್ರೆಸ್ ವ್ಯಾಲ್ಯೂ ಒಂದೇ ಬರೀರಿ. ಹೆದರಿ ಮಾರ್ತಾರ." ಆ ಮನೆಯ ಮೇಲೆ ಕಣ್ಣಿಟ್ಟಿದ್ದ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರಿ ಮ್ಯಾನೇಜರರ ಗೆಳೆಯರೆಂಬುದು ಊರಿಗೇ ಗೊತ್ತಿತ್ತು.

ನಾನು ಮನೆ ಅಳೆಯಲು ಹೋದೆ. ನಾಗಮ್ಮ ಆಗಲೇ ಬಾಡಿಗೆದಾರರನ್ನು ಹುಡುಕಿದ್ದರು. "ದವಾಖಾನಿ ನರ್ಸಮ್ಮ ಬರ್ತೀನಿ ಅಂದಾರ್ರಿ. ಅವರ ಕಿರಾಯಿ ಕಂತಿಗೆ ಸಾಲತದ."

"ಮುಂದ ಬೆಲಿ ಏರಲಿಲ್ಲಂದ್ರ?" ಎಂದೆ.

"ಏರಲಿ, ಬಿಡಲಿ. ಮಾರೋದಾದ್ರ ನನ್ನ ಮನಸ್ಸಿಗೆ ಬಂದಾಗ ಮಾರ್ತೀನ್ರಿ. ಮಂದಿ ಹೆದರಿಸಿದಾಗ ಅಲ್ಲ."

ವರದಿಯಲ್ಲಿ ನಾನು ಎರಡೂ ಬೆಲೆ ಬರೆದೆ. ಯಾರೂ ಕೇಳದ ಇನ್ನೊಂದು ಮಾತನ್ನೂ ಸೇರಿಸಿದೆ: ಈಗ ಮಾರಿದರೆ ಮಾಲೀಕರ ಪಾಲು ಪೂರ್ತಿ ಅಳಿಯುತ್ತದೆ, ಬಾಡಿಗೆಗೆ ಕೊಟ್ಟರೆ ಕಂತು ತಪ್ಪುವುದಿಲ್ಲ. ಮ್ಯಾನೇಜರ್ ಸಿಡಿದರು. "ಇದು ನಿಮ್ಮ ಕೆಲಸ ಅಲ್ಲರಿ, ತಗೀರಿ."

"ತಗೀಬೇಕಂತ ಬರದು ಕೊಡ್ರಿ, ತಗೀತೀನಿ."

ಅವರು ಬರೆದುಕೊಡಲಿಲ್ಲ. ನಾನು ತೆಗೆಯಲಿಲ್ಲ. ವರದಿ ಇದ್ದಂತೆಯೇ ಕಲಬುರಗಿಯಲ್ಲಿದ್ದ ಬ್ಯಾಂಕಿನ ಮೇಲ್ಕಚೇರಿಗೆ ಹೋಯಿತು. ಹಿಂದೆಯೇ ನಾಗಮ್ಮನೂ ಹೋಗಿ ಅಧಿಕಾರಿಗಳ ಮುಂದೆ ಕುಳಿತರು. ಒಪ್ಪಿಗೆ ಸಿಕ್ಕಿತು. ಆ ಶಾಖೆಯಿಂದ ನನಗೆ ಮತ್ತೆ ಕೆಲಸ ಬರಲಿಲ್ಲ. ನಾನೂ ಹೋಗಿ ಕೇಳಲಿಲ್ಲ.

ಹೆದರಿ ಮಾರಿದ ಕೆಲವರು ಇಂದು ಅದೇ ಓಣಿಯಲ್ಲಿ ಬಾಡಿಗೆಗಿದ್ದಾರೆ. ನಾಗಮ್ಮ ಕಳೆದ ವರ್ಷ ಸೇಡಂ ಬಸ್ ನಿಲ್ದಾಣದಲ್ಲಿ ಸಿಕ್ಕರು. "ಈಗ ತಾಂಡೂರ ಕಡೆ ಕರೀಲಿಕತ್ತಾರ್ರಿ. ಪಗಾರ ಭಾಳ ಛಲೋ ಅದ. ಹೋಗಾಕತ್ತೀನಿ."

"ಮನಿ?"

"ಮನಿ ಎಲ್ಲಿ ಹೋಗ್ತದ್ರಿ? ಹೋಗಾಕಿ ನಾನು!" ಎಂದು ನಕ್ಕು ಬಸ್ ಹತ್ತಿದರು.

ನನ್ನ ವೃತ್ತಿ ಕಲಿಸಿದ್ದು ಇಷ್ಟು: ಮನೆ ಕಟ್ಟಿಕೊಂಡವರು ದುಡಿಮೆ ಇದ್ದಲ್ಲಿಗೆ ಹೋಗುವ ಹಕ್ಕನ್ನು ಯಾರಿಗೂ ಅಡವಿಟ್ಟಿರುವುದಿಲ್ಲ. ಇದನ್ನು ಬರೆಯುವುದು ವ್ಯಾಲ್ಯುಯರನ ಕೆಲಸವಲ್ಲ ಎನ್ನುವವರು ಇಂದಿಗೂ ಇದ್ದಾರೆ. ಅನ್ನಲಿ. ನಾನು ಮತ್ತೆ ಬರೆಯುವುದೂ ಅದನ್ನೇ.